ಮೂರು ಸೆಕೆಂಡು

ಯೋರುನ್ ಟಾಂಗೆನ್ ಸತ್ತ ಸುದ್ದಿಯನ್ನು
ಮೀನಿನ ಧಾರಣೆ ಆದ ಮೇಲೆ ಓದಿದರು.
ಸರಿಯೇ. ಅವಳೇ ಹಾಕಿಟ್ಟ ಕ್ರಮ ಅದು:
ಮೊದಲು ಗಾಳಿ, ಆಮೇಲೆ ಮಂಜುಗಡ್ಡೆ, ಆಮೇಲೆ ಮೀನು.
ಮಂತ್ರಿಗಳು, ಬಿಷಪ್ಪರು, ಸತ್ತವರು
ಸಾಲಿನಲ್ಲಿ ನಿಲ್ಲಲಿ.

ಹತ್ತೊಂಬತ್ತು ವರ್ಷ ಅವಳ ಕೈಕೆಳಗೆ ಗುಂಡಿ ತಿರುಗಿಸಿದವನು ನಾನು.
ಹೊಗಳಿಕೆ ಅಂತ ಕೇಳಿದ್ದು ಒಂದೇ ಸಲ:
"ಐಲಿಫ್, ಇವತ್ತು ನೀನಿದ್ದೆ ಅಂತ ಗೊತ್ತೇ ಆಗಲಿಲ್ಲ."

ಐವತ್ತಾರರಲ್ಲಿ ನಿಲಯವೆಂದರೆ
ಉಪ್ಪುಮೀನಿನ ಗೋದಾಮಿನ ಮೇಲೆ ಎರಡು ಕೋಣೆ,
ಗೋಡೆಗೆ ಹಳೆ ಕಂಬಳಿ, ಹಲಗೆಯ ಸಂದಿಯಿಂದ ವಾಸನೆ.
ಓಸ್ಲೋದ ವಾದ್ಯಮೇಳವನ್ನು ನಡುವಿಗೇ ಕತ್ತರಿಸಿ
ಬಿರುಗಾಳಿಯ ಎಚ್ಚರಿಕೆ ಬಿಟ್ಟಳು ಒಂದು ರಾತ್ರಿ.
ಮರುದಿನ ತಂತಿ ಬಂತು. ಛೀಮಾರಿ, ನಾಲ್ಕು ಸಾಲು.
ಮಡಚಿ ಕುಂಟು ಮೇಜಿನ ಕಾಲಿಗೆ ಕೊಟ್ಟಳು.
ಆಮೇಲೆ ಮೇಜು ಅಲುಗಾಡಲಿಲ್ಲ.

ಸಾಮಿ ಮಾತಿನಲ್ಲಿ ಗುರುವಾರ ಅರ್ಧ ಗಂಟೆ ಶುರುಮಾಡಿದಾಗ
ರಾಜಧಾನಿ ಕೇಳಿತು: ಕೇಳುವವರೆಷ್ಟು?
ಹಿಮಸಾರಂಗದ ಹಿಂದೆ ನಡೆವವರ ತಲೆ ಎಣಿಸುವುದು ಹೇಗೆ?
ಫೋನಿಲ್ಲ, ಬಾಗಿಲಿಗೆ ನಂಬರಿಲ್ಲ,
ಕೆಲವರಿಗೆ ಬಾಗಿಲೇ ಇಲ್ಲ.
ಬೂಟು ಹಾಕಿಕೊಂಡು ಹೊರಟಳು. ಮೂರು ಊರು, ಐದು ಅಂಗಡಿ.
ಬ್ಯಾಟರಿ ಯಾವ ದಿನ ಎಷ್ಟು ಹೋಗುತ್ತದೆಂದು ಕೇಳಿ
ಸಕ್ಕರೆ ಕಟ್ಟುವ ಕಾಗದದ ಮೇಲೆ ಗೀಚಿಕೊಂಡು ಬಂದಳು.
ಬುಧವಾರ ಸಂಜೆಗೆ ಎಲ್ಲ ಕಡೆ ಖಾಲಿ.
ಆ ಕಾಗದವನ್ನೇ ಕಳಿಸಿದಳು ಓಸ್ಲೋಗೆ,
ಸಕ್ಕರೆ ಅಂಟಿದ ಹಾಗೇ.

ಮೈಕಿನ ಮುಂದೆ ಮಾರೆತ್ ನಡುಗುತ್ತಿದ್ದಳು;
ಆ ಮಾತಾಡಿದ್ದಕ್ಕೆ ಶಾಲೆಯಲ್ಲಿ ಪೆಟ್ಟು ತಿಂದ ಹುಡುಗಿ.
"ಊರಿಗೆಲ್ಲ ಹೇಳಬೇಡ, ಒಬ್ಬರಿಗೆ ಹೇಳು."
ಅವಳು ತನ್ನ ಅಜ್ಜಿಗೆ ಹೇಳಿದಳು:
ಅಜ್ಜೀ, ನಾಳೆ ಬಡಗಣ ಗಾಳಿ, ಕಟ್ಟಿಗೆ ಒಳಗಿಟ್ಟುಕೋ.
ಆ ರಾತ್ರಿ ಸೀಮೆಗೆ ಸೀಮೆಯೇ
ಕಟ್ಟಿಗೆ ಒಳಗಿಟ್ಟುಕೊಂಡಿತು.

ಒಳ್ಳೆಯವಳು ಅನ್ನಲಾರೆ.
ನನ್ನ ಮದುವೆಯ ದಿನವೂ ಆರೂವರೆಯ ಪಾಳಿ ಬಿಡಲಿಲ್ಲ.
ಮನೆಯಲ್ಲಿ ರೇಡಿಯೋ ಇಟ್ಟುಕೊಂಡಿರಲಿಲ್ಲ;
ಯಾಕೆಂದರೆ, "ಅಡುಗೆಯವರು ಮನೆಗೆ ಹೋಗಿ ಉಣ್ಣುತ್ತಾರಾ?"

ಜಗಳವಾಡಿದ್ದು ಒಂದಕ್ಕೇ.
ಪ್ರತಿ ದ್ವೀಪದ ಗಾಳಿ ಓದಿದ ಮೇಲೆ
ಮೂರು ಸೆಕೆಂಡು ಸುಮ್ಮನಿರಬೇಕು.
ಇದು ಬಾನುಲಿ, ಸುಮ್ಮನಾದರೆ ಕೆಟ್ಟಿತು ಅನ್ನುತ್ತಾರೆ, ಎಂದೆ.
"ದೋಣಿಯಲ್ಲೊಬ್ಬ ಹಲ್ಲಿನಿಂದ ಕೈಗವಸು ಕಿತ್ತು
ಪೆನ್ಸಿಲು ಹುಡುಕುತ್ತಿದ್ದಾನೆ. ಕಾಯಿ."
ಗಾಜಿನಾಚೆ ನಿಂತು ಬೆರಳೆತ್ತಿ ಎಣಿಸುತ್ತಿದ್ದಳು.
ಅವಳ ತಮ್ಮನ ದೋಣಿ ಮುಳುಗಿದ ವರ್ಷವನ್ನು
ನಾನು ಓದಿದ್ದು ತೀರ ಈಚೆಗೆ,
ಚರ್ಚಿನ ಹಿಂದಿನ ಕಲ್ಲಿನಲ್ಲಿ. ಐವತ್ತೈದು.

ಈಗ ಹವೆ ಓದುವುದು ಯಂತ್ರ.
ಹೆಣ್ಣು ದನಿ, ಕೆಮ್ಮಿಲ್ಲ, ನೆಗಡಿಯಿಲ್ಲ.
ದೋಣಿಗಳಲ್ಲಿ ಪರದೆಗಳಿವೆ, ಪೆನ್ಸಿಲಿಲ್ಲ.
ಆದರೂ ಒಂದೊಂದು ದ್ವೀಪ ಮುಗಿದ ಮೇಲೂ
ಆ ದನಿ ನಿಲ್ಲುತ್ತದೆ,
ಯಾರೋ ಬೆರಳೆತ್ತಿದ ಹಾಗೆ.
ಯಾಕೆಂದು ಹೊಸ ಹುಡುಗನನ್ನು ಕೇಳಿದೆ.
"ಮೊದಲಿಂದ ಹಾಗೇ ಇದೆ. ತೆಗೆದರೆ ಜನ ಫೋನ್ ಮಾಡಿ ಬೈತಾರೆ."

ಮೇಜು ಎಲ್ಲಿಗೆ ಹೋಯಿತೆಂದು
ಕೇಳಲು ಮರೆತೆ.