ಅಂಟು

ಕಾಸ್ರೋಡಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ಕುಂಞಾಮುವಿನ ಅಂಗಡಿ.
"ಮಕ್ಕಳ ಯುಕುಲೇಲೆಯಲ್ಲ ಮಾರಾಯ್ರೇ, ಬೇಸ್ ಇದು;
ಮೈ ಕರುವಿನದು, ಗಂಟಲು ಕೋಣನದು."

ಹೆಗಲು ಸೋತ ಮೇಲೆ
ದೊಡ್ಡ ಗಿಟಾರು ಮೂಲೆ ಸೇರಿತ್ತು.
ಇದನ್ನು ತೊಡೆಗೇರಿಸಿದೆ; ಕೂತಿತು.
ಉಳಿದದ್ದು ತಂತಿ.

ಕಪ್ಪಗೆ, ದಪ್ಪಗೆ, ಎಳೆದಷ್ಟೂ ಹಿಗ್ಗುವ ಒಂದು ಜಾತಿ.
ಮೀಟಿದರೆ, ಸ್ವರ ಕೇಳುವ ಮೊದಲೇ
ಮೇಜಿನ ಮೇಲಿನ ಚಿಲ್ಲರೆ ನಡುಗಿತು.
ಆದರೆ ಬೆರಳು ಬಿಡಲಿಲ್ಲ ಅದು:
ಬಂದಡ್ಕದ ತೋಟದಲ್ಲಿ, ತಲೆಗೆ ಟಾರ್ಚು ಕಟ್ಟಿ,
ಗೆರಟೆಯಿಂದ ಹದಿನಾರು ವರ್ಷ ಕಿತ್ತ
ಅದೇ ಹಾಲಿನ ಅಂಟು.

"ರಬ್ಬರಲ್ಲ, ಬೇರೇನೋ. ಪೌಡರು ಸವರಿದರಾಯಿತು," ಅಂದ.
ಸವರಿದ. ಪರಿಮಳ ಬಂತು, ಅಂಟು ಹೋಗಲಿಲ್ಲ.

ಸುತ್ತುತಂತಿ ಕಟ್ಟಿಸಿದೆ. ಸ್ವರ ಸ್ವಲ್ಪ ತೆಳು,
ಬೆರಳು ಜಾರಿದರೆ ಕಿರುಗುಟ್ಟುತ್ತದೆ.
ಇರಲಿ. ಇಗರ್ಜಿಗೆ, ಭಾನುವಾರ ಒಂದು ದಿನವಾದರೂ
ಒಣಗಿದ ಬೆರಳು.