ಒಣಗಿದ ಕೊಡೆಯ ಲಿಂಗ

ದೌಗಾವ್‌ಪಿಲ್ಸ್ ಟ್ರಾಮ್ ಡಿಪೋದ ಮೆಟ್ಟಿಲ ಕೆಳಗೆ
ಕಳೆದ ಸಾಮಾನಿನ ಕಚೇರಿ.
ಯೆಜುಪ್ಸ್ ಗುಮಾಸ್ತ, ನಾನು ಸಹಾಯಕಿ,
ಇಬ್ಬರಿಗೂ ಒಂದೇ ಹೀಟರು, ಸರದಿಯ ಮೇಲೆ.

ಆತ ಭಾಷೆಯೊಂದನ್ನು ಕಟ್ಟುತ್ತಿದ್ದ,
ಹಳೇ ರಸೀದಿಗಳ ಬೆನ್ನ ಮೇಲೆ, ಮೊಂಡು ಪೆನ್ಸಿಲಿನಲ್ಲಿ.
ಹೆಸರಿಡಲಿಲ್ಲ. "ಹೆಸರಿಟ್ಟರೆ
ನನ್ನದು ಅಂತ ಯಾರಾದರೂ ಬರುತ್ತಾರೆ ಜಿನಾಯಿದಾ,
ಗುರುತು ಹೇಳಿದರೆ ಕೊಡಲೇಬೇಕಾಗುತ್ತದೆ."

ಮೊದಲು ಕಲಿಸಿದ್ದು ನಾಮಪದದ ವರ್ಗಗಳನ್ನು.
ಗಂಡು ಹೆಣ್ಣು ಅಲ್ಲ. ಒದ್ದೆಯವು ಒಂದು ವರ್ಗ:
ಕೊಡೆ, ಮೀನಿನ ಪೊಟ್ಟಣ, ಹಿಮ ಕುಡಿದ ಟೋಪಿ,
ಎಲ್ಲದರ ಮುಂದೂ ಒಂದು 'ಶ'.
ಮೈಯ ಆಕಾರ ಮರೆಯದವು ಇನ್ನೊಂದು,
ಕೈಗವಸು, ಕನ್ನಡಕ, ಒಮ್ಮೆ ಬಂದ ಹಲ್ಲಿನ ಸೆಟ್ಟು.
ಕಪಾಟಿನೊಳಗೆ ತಾವಾಗಿ ಸದ್ದು ಮಾಡುವವಕ್ಕೆ ಬೇರೆ.
ಏಳನೆಯದು ಖಾಲಿ. "ಇರಲಿ,
ಗೋಡೆಗೆ ಒಂದು ಮೊಳೆ ಹೆಚ್ಚಿಗೆ ಹೊಡೆದಿಟ್ಟ ಹಾಗೆ."

ಬೆಳಿಗ್ಗೆ 'ಶ' ಹಚ್ಚಿಕೊಂಡು ಬಂದ ಕೊಡೆ
ಮಧ್ಯಾಹ್ನ ಹೀಟರಿನ ಪಕ್ಕ ಒಣಗಿ
ಲಿಂಗ ಬದಲಿಸುತ್ತಿತ್ತು. ಅದರ ಹಿಂದೆ ಬರುವ
ವಿಶೇಷಣ, ಕ್ರಿಯಾಪದ, ಎಲ್ಲವೂ ಒಣಗಬೇಕು.
ನಾನು ನಕ್ಕೆ. ಆತ ನಗಲಿಲ್ಲ,
ಬಟ್ಟೆಯ ಅಂಚು ಮುಟ್ಟಿ ನೋಡಿ, "ಇನ್ನೂ ಇಲ್ಲ" ಅಂದ.

ನನ್ನ ರಷ್ಯನ್ನಿನಲ್ಲಿ 'ಒಂದು', 'ಆ' ಅಂತ
ನಾಮಪದದ ಕೈಹಿಡಿದು ನಡೆಸುವ ಕಿರುಪದಗಳಿಲ್ಲ.
ಆತನ ಅಮ್ಮನ ಲಾಟ್ಗಾಲಿಯನ್ನಿನಲ್ಲೂ ಇಲ್ಲ.
ಎಲ್ಲಿಂದ ತಂದೆ ಎಂದರೆ ಕೌಂಟರು ತೋರಿಸಿದ.
ಕಪಾಟಿನಲ್ಲಿದ್ದಾಗ ಅದು ಬರೀ ಒಂದು ಗಡಿಯಾರ.
ಹೆಂಗಸೊಬ್ಬಳು ಬಂದು, ಪಟ್ಟಿ ಕಂದು,
ಗಾಜಿನ ಮೇಲೆ ಗೀರು, ಐದು ನಿಮಿಷ ಮುಂದೆ ಓಡುತ್ತದೆ
ಎಂದಾಗ, ತೆಗೆದು ಅವಳ ಮುಂದೆ ಇಡುವಷ್ಟರಲ್ಲಿ
ಅದು ಆ ಗಡಿಯಾರ.
ನಡುವಿನ ನಾಲ್ಕು ಹೆಜ್ಜೆಗೂ ಒಂದು ಕಿರುಪದವಿತ್ತು.

ಸರ್ವನಾಮ ಮಾತ್ರ ನನ್ನ ನಾಲಗೆಗೆ ಹತ್ತಲಿಲ್ಲ.
'ನಾವು' ಸುಲಭ: ಹೀಟರಿನ ಶಾಖ ತಾಗುವಷ್ಟು ದೂರ.
ಅವನು ಅವಳು ಇಲ್ಲ. ಬರುವವರಿಗೆ 'ಎ',
ಬಾರದವರಿಗೆ 'ಓ',
ಬರುತ್ತಾರೋ ಇಲ್ಲವೋ ತಿಳಿಯದವರಿಗೆ 'ಉ'.
ಯಾರ ಮಾತು ಎತ್ತಿದರೂ ಮೊದಲು ಇದು ತೀರ್ಮಾನವಾಗಬೇಕು,
ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿರುವ ಗಂಡನ ಮಾತಾದರೂ.
'ಎ' ಅನ್ನುವ ಮುಂಚೆ ನಾನು ಒಂದು ಕ್ಷಣ ತಡೆದೆ.
ಆತ ಗಮನಿಸಿದ. ಚಹಾಕ್ಕೆ ನೀರಿಟ್ಟ.

ತಮ್ಮ ದೊನಾತ್ಸ್‌ಗೆ ಆತ ಯಾವಾಗಲೂ 'ಉ'.
ಹತ್ತೊಂಬತ್ತು ವರ್ಷದ ಹಿಂದೆ ಮೂರನೇ ನಂಬರಿನ ಟ್ರಾಮಿನಿಂದ
ಕೋಟೆಯ ಹತ್ತಿರ ಇಳಿದು ಹೋದವನು.
'ಉ'ಗೆ ಸಾಸಿವೆ ಸೇರದು.
'ಉ' ಸಿಳ್ಳೆ ಹಾಕಿದರೆ ಬೀದಿಯ ನಾಯಿಗಳೆಲ್ಲ ತಿರುಗುತ್ತವೆ.
ನನ್ನ ಪಾಠದ ವಾಕ್ಯಗಳೆಲ್ಲ ಇಂಥವೇ.

ಫೆಬ್ರವರಿಯ ಒಂದು ಬುಧವಾರ ತಡವಾಗಿ ಬಂದ.
ಬೂಟಿನ ಹಿಮ ಕೊಡವಿ, ರಿಜಿಸ್ಟರು ತೆರೆದು,
ಹಿಂದಿನ ದಿನ ಬಂದ ಮಫ್ಲರು ಎತ್ತಿ ಹಿಡಿದು,
ಸುಮ್ಮನೆ ಅನ್ನುವ ಹಾಗೆ ಅಂದ:
"ಇಂಥದ್ದೇ ಒಂದು 'ಓ' ಹತ್ತಿರ ಇತ್ತು."

ಒಂದೇ ಸ್ವರ.
ಯಾರು ಫೋನು ಮಾಡಿದರು, ಯಾವ ಊರು, ನದಿಯೋ, ಆಸ್ಪತ್ರೆಯೋ
ನಾನು ಕೇಳಲಿಲ್ಲ. ಆ ಭಾಷೆಗೆ ಇದ್ದದ್ದೇ ಎರಡು ಬಾಯಿ,
ಒಂದು ಹೇಳಿ ಮುಗಿಸಿತ್ತು.
ಇನ್ನೊಂದು ಏನಾದರೂ ಅನ್ನಲೇಬೇಕಿತ್ತು.
"'ಉ'ಗೆ ಯಾವ ಬಣ್ಣ ಇಷ್ಟ?" ಎಂದೆ.
'ಉ' ಎಂದೇಬಿಟ್ಟೆ.

ಒಂದು 'ಶ' ತಪ್ಪಿದರೂ ಪೆನ್ಸಿಲಿನಿಂದ ಮೇಜು ಕುಟ್ಟುವ ಆತ
ಪೆನ್ಸಿಲು ಹಿಡಿದುಕೊಂಡೇ ಇದ್ದ.
"ಹಸಿರು," ಅಂದ.
ಮಫ್ಲರನ್ನು ಹೀಟರಿನ ಮೇಲೆ ಹರಡಿದ.
ಒಣಗಿತೇ ಎಂದು ಆ ದಿನ ಇಬ್ಬರೂ ಮುಟ್ಟಿ ನೋಡಲಿಲ್ಲ.