ಕಲ್ಲಪ್ಪ

ನಾಗಮಂಗಲದಾಚೆ, ಏರಿ ಮೇಲಿನ ಕಲ್ಲಿಗೆ
ಸಿದ್ದಾಜಮ್ಮ ಹಾಲೆರೆಯುತ್ತಿದ್ದಳು.
"ಯಾವ ದೇವರವ್ವಾ?"
"ಕಲ್ಲಪ್ಪ. ಕಣ್ಣುಬೇನೆಗೆ ಒಳ್ಳೇದು."

ಅರಿಸಿನ ತೊಳೆದು, ಒದ್ದೆ ಕಾಗದ ಹೊದಿಸಿ
ಮಸಿ ತಟ್ಟಿದೆ.
ಎಂಟುನೂರು ವರುಷದ ಅಕ್ಷರ ಬೆಳ್ಳಗೆ ಎದ್ದವು:
ವರುಷಕ್ಕೆ ಮುನ್ನೂರು ಗಾಡಿ ಹೂಳು ತೆಗೆವುದು,
ತೆಗೆದವಂಗೆ ತೂಬಿನ ಕೆಳಗೆ ಐಗೊಳಗ ಗದ್ದೆ.
ಅಷ್ಟೇ. ಮಂತ್ರವಿಲ್ಲ, ಶಾಪ ಕೂಡ ಇಲ್ಲ.

ಯಾವ ದಂಡು ಬಂದು ಊರು ಹಾಳಾಯಿತೆಂದು
ಬೂದಿ ಕೆದಕುತ್ತ ಬಂದವನು ನಾನು.
ಯಾರೂ ಬಂದಿರಲಿಲ್ಲ.
ಒಂದು ವರುಷ ಗಾಡಿ ಹೂಡಲಿಲ್ಲ;
ಮರುವರುಷ ಕಲ್ಲಿಗೊಂದು ಹೂವಿಟ್ಟರು.

ಓದಿ ಹೇಳಿದೆ. ಆಕೆ ಕೆರೆಯತ್ತ ತಿರುಗಿದಳು:
ಜಾಲಿ, ಎಮ್ಮೆ ಮುಳುಗದಷ್ಟು ನೀರು,
ತೂಬಿನ ಕುತ್ತಿಗೆವರೆಗೂ ಹೂಳು.
"ಹಂಗಾ" ಅಂದಳು.
ಒಣಗಲು ಹರವಿದ್ದ ನನ್ನ ಕಾಗದಕ್ಕೂ
ಬೆರಳದ್ದಿ ಒಂದು ಕುಂಕುಮದ ಬೊಟ್ಟಿಟ್ಟಳು.